ಬಿಸಿಲಲ್ಲಿ ಬೆಂದರೆ ಮಕ್ಕಳು ಗಟ್ಟಿಯಾಗ್ತಾರಾ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಬೇಸಿಗೆ ರಜೆಯಲ್ಲಿ ಕಬಡ್ಡಿ, ಖೊ ಖೊ, ಓಟದ ಶಿಬಿರ ನಡೆಸುತ್ತೇನೆ. ದುಡ್ಡು ತಗೊಳ್ಳಲ್ಲ. ಬೆಳಿಗ್ಗೆ 7ರಿಂದ 10, ಸಂಜೆ 4ರಿಂದ 6. ಹೋದ ವರ್ಷ ಎರಡನೇ ದಿನವೇ, ಬೆಳಿಗ್ಗೆ ಎಂಟೂವರೆಗೆ, ಒಬ್ಬ ಹುಡುಗಿ ಓಟ ಮುಗಿಸಿ ನಿಂತವಳೇ ಕುಸಿದಳು. ನೆರಳಲ್ಲಿ ಮಲಗಿಸಿ ಗ್ಲೂಕೋಸ್ ನೀರು ಕೊಟ್ಟೆವು. ಹತ್ತು ನಿಮಿಷಕ್ಕೆ ಎದ್ದು ಕೂತಳು. ಈ ಸಲ ಕೆಲವು ಪಾಲಕರು ಶಿಬಿರವೇ ಬೇಡ ಅಂತಾರೆ. ಇನ್ನು ಕೆಲವರು ‘ಬಿಸಿಲಲ್ಲಿ ಬೆಂದರೇನೇ ಗಟ್ಟಿಯಾಗೋದು, ನಡೆಸಿ ಸರ್’ ಅಂತಾರೆ. ನಾವೂ ಹಾಗೇ ಬೆಳೆದವರು. ಎಷ್ಟು ಡಿಗ್ರಿ ದಾಟಿದರೆ ನಿಲ್ಲಿಸಬೇಕು? ಯಾರಾದರೂ ಬಿದ್ದರೆ ದೊಡ್ಡ ಆಸ್ಪತ್ರೆ 25 ಕಿಲೋಮೀಟರ್ ದೂರ. ಏನು ಮಾಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಆ 25 ಕಿಲೋಮೀಟರ್ ದೂರದಲ್ಲಿರುವ ಡಾಕ್ಟರಿಗಿಂತ ಮೈದಾನದಲ್ಲಿರುವ ನೀವೇ ಮುಖ್ಯ. ಬಾಯಿಮಾತಿನ ಉಪಚಾರಕ್ಕೆ ಹೀಗೆ ಹೇಳುತ್ತಿಲ್ಲ. ಆಡುತ್ತಾ ಬಿಸಿಲು ಬಡಿದು ಬಿದ್ದ ಮಗುವನ್ನು ಉಳಿಸುವ ಕೆಲಸ ಮೊದಲ ಅರ್ಧ ಗಂಟೆಯಲ್ಲೇ ಆಗಬೇಕು. ಆ ಅರ್ಧ ಗಂಟೆ ನಿಮ್ಮ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ನನ್ನಂಥ ಕ್ರೀಡಾ ವೈದ್ಯರ ಹತ್ತಿರ ಇಂಥ ಮಕ್ಕಳು ಬರುವ ಹೊತ್ತಿಗೆ ಎಷ್ಟೋ ಸಲ ಆಟ ಮುಗಿದಿರುತ್ತದೆ.

‘ಬೆಂದರೆ ಗಟ್ಟಿ’ ಅನ್ನುವ ಮಾತಲ್ಲಿ ಒಂದು ಎಳೆ ಸತ್ಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಆ ಬಿಸಿ ಎಲ್ಲಿಂದ ಬರುತ್ತದೆ ಅಂತ ನೋಡೋಣ. ನಾವೆಲ್ಲ ಮೇಲೆ ನೋಡಿ ಸೂರ್ಯನನ್ನು ಬೈಯುತ್ತೇವೆ. ಆದರೆ ಓಡುವ ಮಗುವಿನ ಒಲೆ ಅದರ ತೊಡೆಯಲ್ಲೇ ಇರುತ್ತದೆ. ಸ್ನಾಯು ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಓಟಕ್ಕೆ ಹೋಗುತ್ತದೆ. ಉಳಿದ ಮುಕ್ಕಾಲು ಬರೀ ಬಿಸಿ. ಅದು ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ, ಜೋರಾಗಿ ಓಡುವವರ ಮೈ ಐದಾರು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರುತ್ತದೆ. 37ರಿಂದ 41ಕ್ಕೆ ಹೋಗಲು ಅರ್ಧ ಗಂಟೆಯೂ ಬೇಡ. ಅದಕ್ಕೇ ಬೆಳಿಗ್ಗೆ ಎಂಟೂವರೆಗೂ ಮಕ್ಕಳು ಬೀಳುತ್ತಾರೆ. ಬಿಸಿಲು ಇನ್ನೂ ಏರಿರಲಿಲ್ಲ ಅನ್ನುವುದು ಸಮಾಧಾನದ ಮಾತಲ್ಲ.

ಹೊರಗೆ ಹೋಗುವ ದಾರಿ ಯಾವುದು? ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಂದೇ: ಬೆವರು. ಅದೂ ಆರುವ ಬೆವರು. ಮಣ್ಣಿನ ಗಡಿಗೆ ಇದೆಯಲ್ಲ, ಅದೇ ಲೆಕ್ಕ. ಗಡಿಗೆಯ ಮೈಯಲ್ಲಿ ಒಸರಿದ ನೀರು ಆರಿದರೆ ಒಳಗಿನ ನೀರು ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಎತ್ತಿಕೊಂಡು ಹೋಗುತ್ತದೆ. ಆದರೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಉಪಯೋಗವಿಲ್ಲ. ಅದು ಸುಮ್ನೆ ನೀರಿನ ನಷ್ಟ.

ಹಾಗಾಗಿ ‘ಎಷ್ಟು ಡಿಗ್ರಿ’ ಅನ್ನುವ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇಲ್ಲ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಹೊಸ ಸೈನಿಕರು ಬಿಸಿಲಿಗೆ ಬೀಳುವುದನ್ನು ನೋಡಿ ಒಂದು ಲೆಕ್ಕ ಹಾಕಿತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ ನೂರಕ್ಕೆ 70 ಭಾಗ. ಬಿಸಿಲಲ್ಲಿಟ್ಟ ಕಪ್ಪು ಗೋಳದೊಳಗಿನ ಥರ್ಮಾಮೀಟರಿನ ಅಂಕಿಗೆ 20 ಭಾಗ. ನಾವು ದಿನಾ ಕೇಳುವ ಗಾಳಿಯ ಉಷ್ಣಾಂಶಕ್ಕೆ ಬರೀ 10 ಭಾಗ. ಮೂರನ್ನೂ ಕೂಡಿಸಿದರೆ ಬರುವುದೇ ‘ವೆಟ್ ಬಲ್ಬ್ ಗ್ಲೋಬ್’ ಅಂಕಿ. ಇವತ್ತಿಗೂ ಸೇನೆಗಳು, ಕ್ರೀಡಾ ಸಂಸ್ಥೆಗಳು ನಂಬುವುದು ಇದನ್ನೇ. ಟಿವಿಯಲ್ಲಿ ಕೆಂಪಕ್ಷರದಲ್ಲಿ ಬರುವ ಅಂಕಿಗೆ ಇದರಲ್ಲಿ ಹತ್ತನೇ ಒಂದು ಪಾಲು ಅಷ್ಟೇ.

ಒಂದು ಅಂದಾಜು ಹೇಳುತ್ತೇನೆ. ನಿಮ್ಮ ರಾಯಚೂರಲ್ಲಿ 42 ಡಿಗ್ರಿ, ತೇವಾಂಶ ನೂರಕ್ಕೆ 15 ಅಂದುಕೊಳ್ಳಿ. ಮಂಗಳೂರಲ್ಲಿ 34 ಡಿಗ್ರಿ, ತೇವಾಂಶ 65. ಎರಡೂ ಕಡೆ ಬಿಸಿಲಿನ ಮೈದಾನ. ಲೆಕ್ಕ ಹಾಕಿದರೆ ನಿಮ್ಮದು 31ರ ಆಸುಪಾಸು ಬರುತ್ತದೆ, ಮಂಗಳೂರಿನದು 33ರ ಆಸುಪಾಸು. ಓಡುವ ಮಗುವಿಗೆ ಮಂಗಳೂರೇ ಜಾಸ್ತಿ ಅಪಾಯ! ಅಲ್ಲಿ ಗಡಿಗೆಯ ನೀರೂ ತಣ್ಣಗಾಗಲ್ಲ, ಅಲ್ವಾ? ಹಾಗಂತ ನೀವು ನಿರಾಳ ಆಗಬೇಡಿ. ಅಮೆರಿಕದ ಜಾರ್ಜಿಯಾ ರಾಜ್ಯದ ಶಾಲೆಗಳಲ್ಲಿ ಈ ಅಂಕಿ 33.3 ದಾಟಿದರೆ ಹೊರಗಿನ ಅಭ್ಯಾಸ ಪೂರ್ತಿ ಬಂದ್. 30.5 ದಾಟಿದರೇ ಹೊತ್ತು ಕಡಿಮೆ ಮಾಡಬೇಕು, ಬಿಡುವು ಜಾಸ್ತಿ ಕೊಡಬೇಕು. 42 ಡಿಗ್ರಿಯ ಒಣ ಬಿಸಿಲು ಆ ಗೆರೆಯ ಮೇಲೇ ಕೂತಿರುತ್ತದೆ. ಸ್ವಲ್ಪ ಮೋಡ ಕವಿದು ಸೆಕೆ ಏರಿದರೆ ಸಾಕು, ದಾಟಿಬಿಡುತ್ತದೆ.

ಇದನ್ನು ಅಳೆಯುವ ಕೈಯಂತ್ರ ಬರುತ್ತದೆ. ತಾಲ್ಲೂಕಿಗೆ ಒಂದಿದ್ದರೂ ಸಾಕು ಅಂತ ನನ್ನ ಆಸೆ. ಅದು ಸಿಗುವವರೆಗೆ ನಾನು ಹೇಳುವ ಒರಟು ಲೆಕ್ಕ ಇದು: ನಿಮ್ಮ ಕಡೆ ಫೋನಿನಲ್ಲಿ 36 ತೋರಿಸಿದರೆ ಓಟ ಬೇಡ, ಕರಾವಳಿಯಲ್ಲಾದರೆ 32ಕ್ಕೇ ಬೇಡ. ಇದು ನಿಯಮವಲ್ಲ, ನನ್ನ ಅಂದಾಜು. ಫೋನಿನ ಅಂಕಿ ನೆರಳಿನದು ಅನ್ನುವುದೂ ನೆನಪಿರಲಿ. ಕಬಡ್ಡಿ ಮ್ಯಾಟನ್ನು ತಗಡಿನ ಶೆಡ್ಡಿನಲ್ಲಿ ಹಾಕಿದ್ದರೆ ‘ನೆರಳಿದೆ’ ಅಂತ ಮೋಸ ಹೋಗಬೇಡಿ. ಗಾಳಿ ಆಡದ ತಗಡಿನ ಕೆಳಗಿಂತ ಬೇವಿನ ಮರದ ಕೆಳಗೆ ಮಣ್ಣಿನ ಅಂಕಣವೇ ವಾಸಿ.

ನಿಮ್ಮ ವೇಳಾಪಟ್ಟಿ ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಯಿಸುತ್ತಾರೆ. ಫ್ಯಾನ್ ಕೆಳಗೆ ಕೂತು ಫೈಲ್ ನೋಡುವವರಿಗೇ ಇಷ್ಟು ಅನುಕೂಲ ಬೇಕು. ಮಕ್ಕಳಿಗೆ ಹತ್ತು ಗಂಟೆವರೆಗೆ ಓಟವಾ? ಬೆಳಕು ಹರಿಯುತ್ತಿದ್ದಂತೆ ಶುರು ಮಾಡಿ, ಎಂಟಕ್ಕೆ ಮುಗಿಸಿ. ಸಂಜೆ ನಾಲ್ಕಂತೂ ಬೇಡವೇ ಬೇಡ. ಆಗ ಗಾಳಿ ದಿನದ ತುತ್ತತುದಿಯ ಬಿಸಿಯ ಹತ್ತಿರವೇ ಇರುತ್ತದೆ, ನೆಲ ಕಾದ ಹಂಚು. ಐದೂಮುಕ್ಕಾಲಿನ ನಂತರ ಕ್ಯಾಚ್, ರೇಡ್ ಹೆಜ್ಜೆ, ಪೋಲ್ ಡೈವ್ ಇಂಥ ಕೌಶಲದ ಕೆಲಸ ಇಟ್ಟುಕೊಳ್ಳಿ. ದಮ್ಮು ಕಟ್ಟುವ ಓಟವೆಲ್ಲ ಬೆಳಗಿಗೆ.

ಈಗ ಆ ಸತ್ಯದ ಎಳೆಗೆ ಬರೋಣ. ಮೈ ಬಿಸಿಲಿಗೆ ಒಗ್ಗಿಕೊಳ್ಳುತ್ತದೆ, ಅದು ನಿಜ. ಮೊದಲ ನಾಲ್ಕೈದು ದಿನದಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪೂರ್ತಿ ಒಗ್ಗಲು 10ರಿಂದ 14 ದಿನ ಬೇಕು. ಅಂದರೆ ಮೈ ಗಟ್ಟಿಯಾಗುವುದು ನಿಧಾನವಾಗಿ ಏರಿಸಿದಾಗ, ಬೇಯಿಸಿದಾಗಲ್ಲ. ರಜೆ ಸಿಕ್ಕಿ ಮೂರು ವಾರ ಮನೆಯಲ್ಲಿ ಕೂತರೆ ಗಳಿಸಿದ್ದರಲ್ಲಿ ಬಹುಪಾಲು ಹೋಗುತ್ತದೆ. ನೀವೂ ನಾನೂ ‘ಹಾಗೇ ಬೆಳೆದವರು’ ನಿಜ. ಆದರೆ ನಾವು ಹಗಲೆಲ್ಲ ಹೊಲ, ಕೆರೆ ಅಂತ ತಿರುಗಿ ಮೊದಲೇ ಒಗ್ಗಿದ್ದವರು. ಪರೀಕ್ಷೆ ಮುಗಿಸಿ, ಎರಡು ತಿಂಗಳು ಪುಸ್ತಕದ ಮುಂದೆ ಕೂತು ನೇರ ನಿಮ್ಮ ಶಿಬಿರಕ್ಕೆ ಬರುವ ಹತ್ತನೇ ಕ್ಲಾಸಿನ ಹುಡುಗನ ಕತೆ ಬೇರೆ. ಬೀಳದವರು ಮಾತ್ರ ಇವತ್ತು ಕೂತು ಕತೆ ಹೇಳುತ್ತಿದ್ದೇವೆ ಅನ್ನುವುದೂ ಇದೆ.

ನಿಮ್ಮ ಶಿಬಿರದಲ್ಲಿ ಹುಡುಗಿ ಬಿದ್ದಿದ್ದು ಎರಡನೇ ದಿನ ಅಂದಿರಿ. ಅದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಅಮೆರಿಕದ ಫುಟ್ಬಾಲಿನಲ್ಲಿ ಬಿಸಿಲಿನ ಸಾವುಗಳು ಗುಂಪಾಗಿ ಕಾಣುವುದು ಆಗಸ್ಟ್‌ನ ಅಭ್ಯಾಸ ಶುರುವಾದ ಮೊದಲ ಕೆಲವು ದಿನಗಳಲ್ಲೇ. ಅಲ್ಲಿ ವೃತ್ತಿಪರ ಆಟಗಾರ ಕೋರಿ ಸ್ಟ್ರಿಂಗರ್ 2001ರಲ್ಲಿ ಶಿಬಿರದ ಎರಡನೇ ದಿನ ಕುಸಿದು, ಮರುದಿನ ಬೆಳಗಾಗುವ ಮೊದಲೇ ತೀರಿಕೊಂಡರು. ವಯಸ್ಸು 27, ಆನೆಯಂಥ ಆಳು. ಆಮೇಲೆ 2003ರಲ್ಲಿ ಕಾಲೇಜು ಫುಟ್ಬಾಲಿಗೆ ನಿಯಮ ಬಂತು: ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ. ನೀವೂ ಅದನ್ನೇ ಮಾಡಿ. ಮೊದಲ ವಾರ ಬೆಳಿಗ್ಗೆ ಮಾತ್ರ ಕರೆಯಿರಿ. ಶುರುವಿಗೆ 45 ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ತಡವಾಗಿ ಸೇರಿದ ಮಗುವಿಗೆ ಅದರದ್ದೇ ಮೊದಲ ದಿನ ಲೆಕ್ಕ, ಶಿಬಿರದ ಎಂಟನೇ ದಿನವಲ್ಲ.

ಆ ಹುಡುಗಿಗೆ ಆಗಿದ್ದು ಬಹುಶಃ ದೊಡ್ಡದೇನಲ್ಲ. ಓಡುವಾಗ ರಕ್ತವೆಲ್ಲ ಕಾಲಿಗೆ, ಚರ್ಮಕ್ಕೆ ಹರಿದಿರುತ್ತದೆ. ತಟ್ಟನೆ ನಿಂತರೆ ತಲೆಗೆ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಸರಿಹೋಗುತ್ತದೆ. ಓಟ ಮುಗಿದ ಮೇಲೆ ಎರಡು ನಿಮಿಷ ನಡೆಸಿದರೆ ಇಂಥದ್ದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಆ ಮೈದಾನದಲ್ಲಿ ಹುಡುಗಿಯರಿಗೆ ಶೌಚಾಲಯ ಇದೆಯಾ? ಬೀಗ ಹಾಕಿರುವುದಲ್ಲ, ತೆರೆದಿರುವುದು. ನನ್ನ ಹತ್ತಿರ ಬರುವ ಹುಡುಗಿಯರನ್ನು ‘ಯಾಕಮ್ಮ ನೀರು ಕುಡಿಯಲ್ಲ’ ಅಂತ ಕೇಳಿದರೆ ಮೊದಲು ಸುಮ್ಮನಿರುತ್ತಾರೆ. ಅಮ್ಮನನ್ನು ಹೊರಗೆ ಕಳಿಸಿ ಕೇಳಿದರೆ ಹೇಳುತ್ತಾರೆ: ‘ಕುಡಿದ್ರೆ ಹೋಗ್ಬೇಕಾಗತ್ತೆ ಸರ್, ಎಲ್ಲಿಗೆ ಹೋಗೋದು?’ ಮನೆಯಿಂದಲೇ ಬಾಯಿ ಒಣಗಿಸಿಕೊಂಡು ಬಂದಿರುತ್ತಾರೆ, ಜೊತೆಗೆ ಖಾಲಿ ಹೊಟ್ಟೆ. ರಜೆಯಲ್ಲಿ ಶಾಲೆಯ ಶೌಚಾಲಯದ ಬೀಗದ ಕೈ ಹೆಡ್‌ಮಾಸ್ಟರ ಮನೆಯಲ್ಲಿರುತ್ತದೆ. ಅದನ್ನು ತರಿಸಿ. ಶಿಬಿರದ ಮೊದಲ ವೈದ್ಯಕೀಯ ಸಲಕರಣೆ ಅದೇ ಅನ್ನುವೆ.

ಕುಡಿಯುವ ವಿಷಯ ಬೇಗ ಮುಗಿಸುತ್ತೇನೆ. ‘ಬ್ರೇಕ್ ಆಗೋವರೆಗೆ ನೀರಿಲ್ಲ’ ಅನ್ನುವ ಶಿಸ್ತನ್ನು ಬಿಟ್ಟುಬಿಡಿ. ನೀರು ಯಾವಾಗಲೂ ಕೈಗೆ ಸಿಗುವಂತಿರಲಿ. ಗ್ಲೂಕೋಸ್ ಪುಡಿ ಬರೀ ಸಕ್ಕರೆ, ಬೆವರಲ್ಲಿ ಹೋಗಿದ್ದು ಉಪ್ಪು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಚಿಟಿಕೆ ಉಪ್ಪಿನ ನಿಂಬೆ ಪಾನಕ ಅದಕ್ಕಿಂತ ಒಳ್ಳೆಯದು. ಅಭ್ಯಾಸಕ್ಕೆ ಮುಂಚೆ ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ನೀರು ಹೋಗಿದೆ ಅಂತ. ತೂಕ ಏರಿದ್ದರೆ ಮಗು ಬರೀ ನೀರನ್ನು ಅತಿಯಾಗಿ ಕುಡಿಯುತ್ತಿದೆ, ಅದೂ ಅಪಾಯ. ರಕ್ತದ ಸೋಡಿಯಂ ಇಳಿದರೆ ಮಿದುಳು ಊದಿಕೊಳ್ಳುತ್ತದೆ. ಮತ್ತೆ, ಚೆನ್ನಾಗಿ ನೀರು ಕುಡಿದ ಮಗುವಿಗೂ ಬಿಸಿಲು ಬಡಿಯುತ್ತದೆ. ನೀರು ಬೆವರಿಗೆ ಬಂಡವಾಳ ಅಷ್ಟೇ, ಒಲೆ ಆರಿಸುವುದಿಲ್ಲ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದರಿಂದ ತೊಂದರೆಯಿಲ್ಲ, ಉಪಯೋಗವೂ ಇಲ್ಲ.

ಮಕ್ಕಳು ದೊಡ್ಡವರಿಗಿಂತ ಬಿಸಿಲಿಗೆ ನಾಜೂಕು ಅಂತ ಹಿಂದೆ ನಾವೂ ಓದಿದ್ದೆವು. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ಮಾತನ್ನು ತಿದ್ದಿತು. ನೀರು, ಬಿಡುವು ಸರಿಯಾಗಿ ಸಿಕ್ಕರೆ ಮಕ್ಕಳ ಮೈ ದೊಡ್ಡವರಷ್ಟೇ ತಡೆಯುತ್ತದೆ. ವ್ಯತ್ಯಾಸ ಎಲ್ಲಿದೆ ಅಂದರೆ, ದೊಡ್ಡವರು ಸಾಕೆನಿಸಿದಾಗ ನಿಲ್ಲುತ್ತಾರೆ. ಮಗು ನಿಮ್ಮ ಸೀಟಿಗೆ ಕಾಯುತ್ತದೆ. ಹಾಗಾಗಿ ನಾನು ಹೆದರುವುದು ಸೋಮಾರಿ ಮಗುವಿಗಲ್ಲ. ಅವನು ಕಳ್ಳಾಟ ಆಡಿ ಬದುಕಿಕೊಳ್ಳುತ್ತಾನೆ. ಜಿಲ್ಲಾ ತಂಡದ ಆಯ್ಕೆ ನಾಳೆ ಇದೆ ಅಂತ ಹಲ್ಲು ಕಚ್ಚಿ ಓಡುವವನಿಗೆ ಹೆದರುತ್ತೇನೆ. ಮೈ ತುಂಬಿಕೊಂಡ ಹುಡುಗನನ್ನು ‘ಕರಗಿಸು’ ಅಂತ ಕೊನೆಯ ಸುತ್ತು ಓಡಿಸುವಾಗ ಹೆದರುತ್ತೇನೆ. ಹೋದ ವಾರ ಜ್ವರ, ಭೇದಿ ಆಗಿ ಎದ್ದು ಬಂದವನಿಗೆ, ರಾತ್ರಿಯೆಲ್ಲ ಜಾತ್ರೆಯ ನಾಟಕ ನೋಡಿ ನಿದ್ದೆಗೆಟ್ಟು ಬಂದವನಿಗೆ ಹೆದರುತ್ತೇನೆ. ‘ತಪ್ಪು ಮಾಡಿದ್ದಕ್ಕೆ ಹತ್ತು ರೌಂಡ್’ ಅನ್ನುವ ಶಿಕ್ಷೆಯನ್ನು ಬೇಸಿಗೆಯಲ್ಲಂತೂ ಕೊಡಲೇಬೇಡಿ.

ಇನ್ನೊಂದು ಇದೆ. 55 ಕೆಜಿ, 60 ಕೆಜಿ ಅಂತ ಕಬಡ್ಡಿ ಪಂದ್ಯ ಇಡುತ್ತಾರಲ್ಲ, ತೂಕಕ್ಕೆ ಇಳಿಯಲು ಹುಡುಗರು ಊಟ ನೀರು ಬಿಟ್ಟು, ರೈನ್‌ಕೋಟ್ ಹಾಕಿಕೊಂಡು ಓಡುತ್ತಾರೆ. ಕುಸ್ತಿಯಲ್ಲೂ ಇದೆ. ಅದು ಗಡಿಗೆಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. 1997ರ ಕೊನೆಯಲ್ಲಿ ಒಂದೇ ಋತುವಿನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಅದೂ ಚಳಿಗಾಲದಲ್ಲಿ! ಆಮೇಲೆ ಅಲ್ಲಿ ರಬ್ಬರ್ ಸೂಟನ್ನು ನಿಷೇಧಿಸಿದರು.

ಈಗ ನಿಜವಾದ ಬಿಸಿಲು ಬಡಿತ, ಅಂದರೆ ಹೀಟ್ ಸ್ಟ್ರೋಕ್. ಒಳಮೈ 40 ಡಿಗ್ರಿ ದಾಟಿ, ತಲೆ ಕೆಟ್ಟಿರುತ್ತದೆ. ತಲೆ ಕೆಟ್ಟಿದೆ ಅಂತ ಹೇಗೆ ತಿಳಿಯುತ್ತದೆ? ಸೌಮ್ಯ ಹುಡುಗ ಇದ್ದಕ್ಕಿದ್ದಂತೆ ಗೆಳೆಯನ ಮೇಲೆ ರೇಗುತ್ತಾನೆ. ಕುಡಿದವರಂತೆ ತಡವರಿಸುತ್ತಾನೆ. ‘ಇವತ್ತು ಯಾವ ವಾರ’ ಅಂದರೆ ಬಡಬಡಿಸುತ್ತಾನೆ. ವಾಂತಿ ಮಾಡುತ್ತಾನೆ. ‘ನಾಟಕ ಮಾಡ್ತಿದಾನೆ ಸರ್’ ಅಂತ ಉಳಿದವರು ನಗುತ್ತಾರೆ. ನೀವು ನಗಬೇಡಿ. ‘ಬೆವರು ನಿಂತಿಲ್ಲ, ಹಾಗಾಗಿ ಬಿಸಿಲು ಬಡಿದಿಲ್ಲ’ ಅನ್ನುವ ಮಾತನ್ನೂ ನಂಬಬೇಡಿ. ಬೆವರು ಬತ್ತುವುದು ಹೆಚ್ಚಾಗಿ ಸೆಕೆಯ ಕೋಣೆಯಲ್ಲಿ ಮಲಗಿದ ಮುದುಕರಿಗೆ. ಆಡುತ್ತಾ ಬಿದ್ದ ಮಗು ಒದ್ದೆಮುದ್ದೆಯಾಗಿಯೇ ಇರುತ್ತದೆ. ಹಣೆಗೆ ಹಿಡಿಯುವ, ಕಂಕುಳಲ್ಲಿಡುವ ಥರ್ಮಾಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಅದು 38 ತೋರಿಸುವಾಗ ಒಳಗೆ 41 ಇರಬಹುದು.

ಮೊದಲು ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಅದು ಹೃದಯದ ಸಮಸ್ಯೆ, ಕೂಡಲೇ ಎದೆ ಒತ್ತುವುದನ್ನು ಶುರು ಮಾಡಿ. ಉಸಿರಿದ್ದು ತಲೆ ಮಂಕಾಗಿದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಮಗುವನ್ನು ತಣ್ಣೀರಿಗೆ ಇಳಿಸಿ. ಆಂಬುಲೆನ್ಸ್ ಬರಲಿ ಅಂತ ಕಾಯಬೇಡಿ. ಬಂದ ಮೇಲೂ, ತಣ್ಣಗೆ ಮಾಡುವ ಕೆಲಸ ಮುಗಿಯದೆ ಕಳಿಸಬೇಡಿ. ಬೈಕಿನ ಮಧ್ಯೆ ಕೂರಿಸಿಕೊಂಡು 25 ಕಿಲೋಮೀಟರ್ ಓಡಿಸುವುದಂತೂ ಬೇಡ. ಆ ದಾರಿಯುದ್ದಕ್ಕೂ ಮಿದುಳು, ಮೂತ್ರಪಿಂಡ, ಯಕೃತ್ತು ಬೇಯುತ್ತಲೇ ಇರುತ್ತವೆ.

‘ಬೆವರಿದ ಮೈಗೆ ತಣ್ಣೀರು ಹಾಕಿದರೆ ಲಕ್ವ ಹೊಡೆಯುತ್ತೆ’ ಅಂತ ಯಾರಾದರೂ ಅಡ್ಡ ಬರುತ್ತಾರೆ, ಖಂಡಿತ. ಅವರಿಗೊಂದು ಲೆಕ್ಕ ಹೇಳಿ. ಅಮೆರಿಕದ ಫಾಲ್ಮತ್ ಎಂಬ ಊರಲ್ಲಿ ಪ್ರತಿ ಆಗಸ್ಟ್‌ನಲ್ಲಿ 11 ಕಿಲೋಮೀಟರಿನ ಓಟ ನಡೆಯುತ್ತದೆ. ಅಲ್ಲಿನ 18 ವರ್ಷಗಳ ದಾಖಲೆಯಲ್ಲಿ 274 ಜನಕ್ಕೆ ಹೀಟ್ ಸ್ಟ್ರೋಕ್ ಆಗಿತ್ತು. ಗೆರೆ ದಾಟುವಲ್ಲೇ ಮಂಜುಗಡ್ಡೆ ನೀರಿನ ಟಬ್ ಇಟ್ಟು ಮುಳುಗಿಸಿದರು. ಒಬ್ಬರೂ ಸಾಯಲಿಲ್ಲ. ಇನ್ನೊಂದು ಕಡೆ, 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಜೋರ್ಡನ್ ಮೆಕ್‌ನೇರ್ ಅಭ್ಯಾಸದ ಓಟದಲ್ಲಿ ಕುಸಿದ. ಅಷ್ಟು ಶ್ರೀಮಂತ ಕ್ರೀಡಾ ವಿಭಾಗ. ಆದರೂ ಅವನ ಮೈಬಿಸಿ ನೋಡಲಿಲ್ಲ, ತಣ್ಣೀರಿಗೆ ಇಳಿಸಲಿಲ್ಲ ಅಂತ ಆಮೇಲಿನ ತನಿಖೆ ಹೇಳಿತು. ಜೂನ್ 13ಕ್ಕೆ ತೀರಿಕೊಂಡ.

ನಿಮಗೆ ಸ್ಟೀಲ್ ಟಬ್ ಬೇಕಿಲ್ಲ. ಶಾಮಿಯಾನ ಅಂಗಡಿಯಲ್ಲಿ ಮದುವೆಗೆ ಬಾಡಿಗೆ ಕೊಡುವ ಅಗಲ ಟಬ್ ಸಾಕು. ನೆಟ್ಟಗೆ ನಿಲ್ಲುವ ಡ್ರಮ್ ಬೇಡ, ಎಚ್ಚರ ತಪ್ಪಿದವನನ್ನು ಅದರೊಳಗೆ ಇಳಿಸಲಾಗದು. ಟಬ್ಬೂ ಇಲ್ಲವಾ? ರಾಶಿಗೆ ಹಾಸುವ ತಾಡಪಾಲ್ ತನ್ನಿ. ಮಗುವನ್ನು ಮಧ್ಯೆ ಮಲಗಿಸಿ, ನಾಲ್ಕೂ ಕಡೆಯಿಂದ ಎತ್ತಿ ಹಿಡಿದು ತೊಟ್ಟಿಲಿನಂತೆ ಮಾಡಿ. ನೀರು, ಐಸ್ ಸುರಿದು ಅಲುಗಾಡಿಸುತ್ತಾ ಇರಿ. ಕಬ್ಬಿನ ಹಾಲಿನ ಅಂಗಡಿಗೆ ಐಸ್ ಗಡ್ಡೆ ಹಾಕುವವನಿಗೆ ಹೇಳಿ, ದಿನಾ ಒಂದು ಗಡ್ಡೆ ಗೋಣಿಚೀಲದಲ್ಲಿ ಸುತ್ತಿ ಇಟ್ಟಿರಿ. ಐಸ್ ಸಿಗದಿದ್ದರೆ ಬೋರಿನ ನೀರಾದರೂ ಸುರಿಯುತ್ತಾ ಬೀಸಿ. ಕುತ್ತಿಗೆಯವರೆಗೆ ನೀರು, ಕಂಕುಳ ಕೆಳಗೆ ಟವೆಲ್ ಹಾಕಿ ಒಬ್ಬರು ಹಿಂದಿನಿಂದ ಹಿಡಿದಿರಬೇಕು, ತಲೆ ಮುಳುಗಬಾರದು. ಅಳೆಯುವ ದಾರಿ ಇಲ್ಲದಿದ್ದರೆ 10ರಿಂದ 15 ನಿಮಿಷ, ಅಥವಾ ಮಗು ಚಳಿಗೆ ನಡುಗಿ ಸರಿಯಾಗಿ ಮಾತಾಡುವವರೆಗೆ. ಮಂಕಾಗಿರುವಾಗ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಸೋಂಕಿನಂಥ ಜ್ವರಕ್ಕೆ ಕೆಲಸ ಮಾಡುತ್ತದೆ, ಬಿಸಿಲು ಬಡಿತಕ್ಕಲ್ಲ.

ಎದ್ದು ನಕ್ಕರೂ ಅವನನ್ನು ಆಸ್ಪತ್ರೆಗೆ ಕಳಿಸಲೇಬೇಕು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಸಿಕ್ಕಿಕೊಳ್ಳುವುದು, ಯಕೃತ್ತು ಸೋಲುವುದು ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು. ಮತ್ತೆ ಮೈದಾನಕ್ಕೆ ಯಾವಾಗ ಅನ್ನುವುದನ್ನು ಡಾಕ್ಟರ್ ಹೇಳಲಿ. ಅಲ್ಲಿವರೆಗೆ ಅವನು ಸ್ಕೋರ್ ಬರೆಯಲಿ.

ಶಿಬಿರ ನಿಲ್ಲಿಸಬೇಕಾ ಅಂತ ಪಾಲಕರು ಕೇಳಿದ್ದಾರೆ. ನಿಲ್ಲಿಸಬೇಡಿ ಮೇಷ್ಟ್ರೇ. ನೀವು ನಿಲ್ಲಿಸಿದರೆ ಅದೇ ಹುಡುಗರು ಮಧ್ಯಾಹ್ನ ಎರಡಕ್ಕೆ ಯಾರೂ ನೋಡುವವರಿಲ್ಲದೆ ಕ್ರಿಕೆಟ್ ಆಡುತ್ತಾರೆ, ಇಲ್ಲವೇ ಈಜು ಬಾರದೆ ಕಾಲುವೆಗೆ ಇಳಿಯುತ್ತಾರೆ. ಹೊಸ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಪಾಲಕರಿಗೆ ಕೊಡಿ. ಮೊದಲ ದಿನವೇ ತಾಡಪಾಲ್ ಬಿಚ್ಚಿ, ನೀರು ತುಂಬಿ, ಒಬ್ಬ ಹುಡುಗನನ್ನು ಮಲಗಿಸಿ ಎಲ್ಲರ ಮುಂದೆ ಒಮ್ಮೆ ಮಾಡಿ ತೋರಿಸಿ. ಯಾರು ಮಲಗ್ತಾರೆ ಅಂತ ಯೋಚನೆ ಬೇಡ. ಏಪ್ರಿಲ್ ತಿಂಗಳು, ನಿಮ್ಮ ಊರು. ಸಾಲು ನಿಲ್ಲುತ್ತಾರೆ.